ಒಂದು ವರ್ಷಕ್ಕೆ ಎಷ್ಟು ಶರ್ಟು

ಲಗ್ಗೆರೆಯ ನನ್ನ ಅಂಗಡಿಗೆ ಹೆಸರಿಲ್ಲ.
ಬಾಗಿಲಿಗೆ ಅಂಟಿಸಿದ ಹಾಳೆಯೇ ಬೋರ್ಡು:
ಜಾತಿ, ಆದಾಯ, ಸ್ಕಾಲರ್‌ಶಿಪ್, ಕಾಲೇಜು ಅರ್ಜಿ.
ಜೆರಾಕ್ಸ್ ಎರಡು ರೂಪಾಯಿ. ಸಾಲ ಕೇಳಬೇಡಿ.

ಪಿಯು ರಿಸಲ್ಟು ಬಂದ ಮೇಲೆ
ಬೀದಿಯ ಮಕ್ಕಳೆಲ್ಲ ನನ್ನ ಒಂದೇ ಸ್ಟೂಲಿನ ಮೇಲೆ.
ಯಾರ ಅಪ್ಪನ ಹೆಬ್ಬೆರಳು ಸವೆದು ಯಂತ್ರಕ್ಕೆ ಹತ್ತುವುದಿಲ್ಲ,
ಯಾರ ಅಮ್ಮನ ಖಾತೆ ಆಧಾರಿಗೆ ಜೋಡಣೆಯಾಗಿಲ್ಲ,
ಎಲ್ಲ ಗೊತ್ತು ನನಗೆ.
ಪಾಸ್‌ವರ್ಡುಗಳು ಹಳೇ ಡೈರಿಯಲ್ಲಿವೆ:
ಹೆಚ್ಚಿನವು ಹುಟ್ಟಿದ ದಿನ, ಕೆಲವು ದೇವರು,
ಒಂದು, ಬಿಟ್ಟುಹೋದ ಹುಡುಗನ ಹೆಸರು.

ಮಧುಮತಿ ಬಂದದ್ದು ಷಟರ್ ಅರ್ಧ ಎಳೆದ ಮೇಲೆ,
ಬಗ್ಗಿ ಒಳಗೆ. ಹಿಂದೆ ಅವಳಪ್ಪ ಗಂಗಹನುಮಯ್ಯ,
ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಇಸ್ತ್ರಿ ಗಾಡಿಯವನು,
ಅಂಗಿಯ ಮೇಲೆಲ್ಲ ಸಣ್ಣ ಸುಟ್ಟ ಕಲೆ,
ಅವನ ಅಂಗಿಗೆ ಮಾತ್ರ ಇಸ್ತ್ರಿಯಿಲ್ಲ.

ಯಾವ ಕೋರ್ಸಮ್ಮ?
ಬಿಎಸ್ಸಿ. ಜಿಯಾಲಜಿ, ಅಕ್ಕಾ.
ಕಲ್ಲು ಓದಿ ಏನ್ ಮಾಡ್ತೀಯೆ, ಬಿಕಾಂ ಹಾಕ್ಲಾ
ಎಂದವಳು ನಾನು. ಅವಳಪ್ಪ ಅನ್ನಲಿಲ್ಲ.
ಚಪ್ಪಲಿ ಬಿಟ್ಟು ನಿಂತಿದ್ದ, ದೇವಸ್ಥಾನದ ಹಾಗೆ.
ನಮ್ಮ ಪೆಟ್ಟಿಗೆಗೆ ಹಾಕೋ ಇದ್ದಿಲು
ಕಲ್ಲಿದ್ದಲಲ್ಲ ಅಕ್ಕಾ, ಬರೀ ಮರ ಅದು,
ಅದಕ್ಕಿನ್ನೂ ವಯಸ್ಸಾಗಿಲ್ಲ, ಎಂದಳು ಹುಡುಗಿ.
ನಾನು ಜಿಯಾಲಜಿ ಒತ್ತಿದೆ.

ತಂದೆಯ ಉದ್ಯೋಗ: ಕೃಷಿ, ಸರ್ಕಾರಿ, ಖಾಸಗಿ, ಇತರೆ.
ಇತರೆ.
ವಾರ್ಷಿಕ ಆದಾಯ: ಮಳೆಗಾಲ ಬಿಟ್ಟೋ ಸೇರಿಸಿಯೋ?
ಅಪ್ಪ ಮಗಳು ಮುಖ ನೋಡಿಕೊಂಡರು.
ಅಂಕಪಟ್ಟಿಯಲ್ಲಿ ಗಂಗಹನುಮಯ್ಯ ಒಂದೇ ಪದ,
ಆಧಾರಿನಲ್ಲಿ ಗಂಗ ಬೇರೆ, ಹನುಮಯ್ಯ ಬೇರೆ.
ಆ ನಡುವಿನ ಖಾಲಿ ಜಾಗಕ್ಕೆ
ನಾಡಕಚೇರಿಗೆ ನಾಲ್ಕು ಸಲ, ಮೂರು ದಿನದ ಕೂಲಿ.

ಫೀಸು ಹದಿನೆಂಟು ಸಾವಿರದ ಆರುನೂರು.
ಸ್ಕಾಲರ್‌ಶಿಪ್ ಬರುತ್ತೆ, ಆದರೆ
ಮೊದಲು ಕಟ್ಟಬೇಕು, ಆಮೇಲೆ ಬರೋದು.
ಯಾವಾಗ ಆಮೇಲೆ?
ಹೋದ ವರ್ಷದವರಿಗೆ ಮಾರ್ಚಿಗೆ ಬಂತು,
ಸಲೀಮನ ಮಗಳಿಗೆ ಇನ್ನೂ ಬಂದಿಲ್ಲ.
ನಾನು ಸುಳ್ಳು ಹೇಳಲಿಲ್ಲ.
ಅಂಗಿ ಒಂದಕ್ಕೆ ಹತ್ತು ರೂಪಾಯಿ:
ಸಾವಿರದ ಎಂಟುನೂರ ಅರವತ್ತು ಶರ್ಟು,
ಅವನು ತುಟಿಯಲ್ಲೇ ಎಣಿಸಿ ಮುಗಿಸಿದ್ದ
ನನ್ನ ಕ್ಯಾಲ್ಕುಲೇಟರಿಗಿಂತ ಮೊದಲು.

ಆರು ದಿನ ಬಿಟ್ಟು ಬಂದ.
ಮುನ್ನೂರನಾಲ್ಕನೇ ಮನೆಯ ಡಾಕ್ಟರಮ್ಮ
ಆರು ತಿಂಗಳ ಇಸ್ತ್ರಿಗೆ ಮುಂಗಡ ಕೊಟ್ಟರಂತೆ,
ಎರಡನೇ ಮಹಡಿಯ ಬ್ಯಾಂಕಿನವರು ಅರ್ಧ,
ಉಳಿದದ್ದು ಹೆಂಡತಿಯ ಓಲೆ.
ಬರುವ ಉಗಾದಿಯವರೆಗೆ ಅವನು ತೀಡುವ ಪ್ರತಿ ಕಾಲರೂ
ಆಗಲೇ ಖರ್ಚಾಗಿದೆ.

ದುಡ್ಡು ಹೋಯಿತು. ರಸೀದಿ ಬರಲಿಲ್ಲ.
ಪರದೆಯ ಮೇಲೆ ಒಂದು ಚಕ್ರ ತಿರುಗಿ ತಿರುಗಿ
ಪೆಂಡಿಂಗ್ ಎಂದು ನಿಂತಿತು.
ಮೂರು ದಿನ ಮಧುಮತಿ ಕಾಲೇಜಿಗೆ ಹೋಗುವ ಬದಲು
ನನ್ನ ಸ್ಟೂಲಿಗೆ ಬಂದಳು.
ಮೊದಲ ದಿನ ಅತ್ತಳು. ಎರಡನೇ ದಿನ
ಬಂದವರ ಅರ್ಜಿ ತುಂಬತೊಡಗಿದಳು,
ನನಗಿಂತ ಬೇಗ, ತಪ್ಪಿಲ್ಲದೆ.
ಕೆಲಸ ಕೊಡ್ತೀನಿ, ಇಲ್ಲೇ ಇರು, ಎಂದು
ನಾಲಿಗೆಯ ತುದಿಗೆ ಬಂದಿತ್ತು.
ಹದಿನೆಂಟಕ್ಕೆ ನನಗೆ ಯಾರೋ ಹೀಗೆಯೇ ಹೇಳಿದ್ದರು,
ಒಳ್ಳೆಯ ಮನಸ್ಸಿನಿಂದಲೇ.
ಟೀ ತರಿಸಿದೆ ಅಷ್ಟೆ.

ನಾಲ್ಕನೇ ಬೆಳಿಗ್ಗೆ ರಸೀದಿ ಬಂತು.
ಗಂಗಹನುಮಯ್ಯ ಅದನ್ನು ಲ್ಯಾಮಿನೇಟ್ ಮಾಡಿಸಿ ಎಂದ.
ಬೇಡಪ್ಪ, ಮುಂದಿನ ವರ್ಷ ಮತ್ತೆ ಬರುತ್ತೆ ಬೇರೆಯದು
ಎಂದರೂ ಕೇಳಲಿಲ್ಲ.
ಎರಡು ಬಿಸಿ ರೋಲರುಗಳ ನಡುವಿನಿಂದ
ಹಾಳೆ ಮೆಲ್ಲಗೆ ಹೊರಬಂತು.
ಅವನು ಅಂಗೈಯಿಟ್ಟು ನೋಡಿದ.
ಬಿಸಿ ಸ್ವಲ್ಪ ಕಮ್ಮಿಯಾಯ್ತಲ್ವಾ ಮೇಡಂ,
ಈ ಮೂಲೇಲಿ ಒಂದು ಗುಳ್ಳೆ ಉಳೀತು ನೋಡಿ.