ಮೂವತ್ತು ಮೀಟರಿನ ಓಣಿ

ಈ ತುದಿಗೊಂದು ಕಿತ್ತಳೆ ಶಂಕು, ಆ ತುದಿಗೊಂದು.
ನಡುವೆ ಮೂವತ್ತು ಮೀಟರು ನೀಲಿ ನೆಲ,
ಬೆಳಗ್ಗೆ ಒರೆಸಿದ ಫಿನೈಲಿನ ವಾಸನೆ ಇನ್ನೂ ಆರಿಲ್ಲ.
ಆರು ನಿಮಿಷ. ಓಡಬೇಡಿ, ಮಾತಾಡಬೇಡಿ,
ಸುಸ್ತಾದರೆ ಗೋಡೆಗೆ ಒರಗಿ, ಗಡಿಯಾರ ಮಾತ್ರ ನಿಲ್ಲುವುದಿಲ್ಲ.
ದಿನಕ್ಕೆ ಏಳು ಸಲ ಹೇಳಿ ಹೇಳಿ
ನನ್ನ ನಾಲಗೆಯೇ ಜಡ್ಡುಗಟ್ಟಿದೆ.

ಬೆರಿಲ್ ಆಕ್‌ರಾಯ್ಡ್. ಎಪ್ಪತ್ತೆಂಟು. ಬಲ ಮಂಡಿ.
ಶೆಫೀಲ್ಡಿನ ಏರುಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಟಪಾಲು ಹಂಚಿದವಳು.
ವಾಕ್ಲಿಯ ಯಾವ ಮನೆಗೆ ಎಷ್ಟು ಮೆಟ್ಟಿಲು,
ಯಾವ ಗೇಟಿನ ಕೊಂಡಿ ಬೆರಳು ಕಚ್ಚುತ್ತದೆ,
ಯಾವ ನಾಯಿಗೆ ಬುಧವಾರ ಮಾತ್ರ ಸಿಟ್ಟು,
ಎಲ್ಲ ಬಾಯಿಪಾಠ.
ಸವೆದದ್ದು ಎರಡು ಮೂಳೆಗಳ ನಡುವಿನ ಮೆತ್ತೆ.
ಈಗ ಅಲ್ಲಿ ಲೋಹ, ಒಂದು ಬಿಲ್ಲೆ ಪ್ಲಾಸ್ಟಿಕ್ಕು.
"ಚಾಕು ಚಮಚ ಮಾಡುತ್ತಿದ್ದ ಊರು,
ಕೊನೆಗೆ ನನ್ನೊಳಗೂ ಒಂದು ತುಂಡು ಇಟ್ಟಿತು" ಎನ್ನುತ್ತಾಳೆ.
ಆ ಮಂಡಿ ಬೇರೆ ದೇಶದಲ್ಲಿ ತಯಾರಾದದ್ದು.
ನಾನು ಹೇಳಲಿಲ್ಲ.

ಮೊದಲ ವಾರ
ಕೋನಮಾಪಕದ ಒಂದು ತೋಳು ತೊಡೆಗೆ, ಇನ್ನೊಂದು ಕಣಕಾಲಿಗೆ.
ಅರವತ್ತೆಂಟು, ಗೊಣಗಿಕೊಂಡೆ.
ಹದಿನಾರು ವರ್ಷವಾದರೂ ಲೆಕ್ಕ ಮಾತ್ರ ಕನ್ನಡದಲ್ಲೇ ಬರುತ್ತದೆ.
ಚಿಂತಾಮಣಿಯ ಸರ್ಕಾರಿ ಶಾಲೆಯ ಮಗ್ಗಿ
ಹಲ್ಲುಸಂದಿಯಲ್ಲಿ ಸಿಕ್ಕಿಕೊಂಡಿದೆ.
"ನನಗೇ ಬೈದೆಯೇನೆ, ಹುಡುಗಿ?"
ಇಲ್ಲ, ಅರವತ್ತೆಂಟು ಅಂದೆ.
"ಬೈಗುಳದ ಹಾಗೇ ಇದೆ. ಇನ್ನೊಮ್ಮೆ ಹೇಳು."

ಮೂರನೆಯ ವಾರ ಎಂಬತ್ತಾರು.
ಕುರ್ಚಿಯಿಂದೆದ್ದು ಮೂರು ಮೀಟರು ಹೋಗಿ, ತಿರುಗಿ, ಬಂದು ಕೂರಲು
ಇಪ್ಪತ್ತೆರಡು ಸೆಕೆಂಡು,
ಅದರಲ್ಲಿ ಒಂಬತ್ತು ಏಳುವುದಕ್ಕೇ.
ನೋವು, ಸೊನ್ನೆಯಿಂದ ಹತ್ತರೊಳಗೆ?
"ಹಗಲೋ, ರಾತ್ರಿಯೋ?"
ಚೌಕ ಒಂದೇ ಇರುವುದು.
ಐದು ಅಂದಳು. ರಾತ್ರಿ ಮೂರಕ್ಕೆ ಎದ್ದು
ದೀಪ ಹಾಕದೆ ಅಡುಗೆಮನೆಯಲ್ಲಿ ನಿಲ್ಲುವವಳ ಐದು.
ಮಂಡಿಯೂರಿ ಮತ್ತೆ ಏಳಬಲ್ಲಿರಾ?
"ಯಾರ ಮುಂದೆ?"
'ಆಗುವುದೇ ಇಲ್ಲ' ಎಂಬಲ್ಲಿ ಗುರುತು ಹಾಕಿದೆ.

ಎಷ್ಟು ದೂರ ನಡೆಯಬಲ್ಲಿರಿ?
"ಐವಿಯ ಮನೆ ತನಕ."
ಮೀಟರಿನಲ್ಲಿ?
"ನಮ್ಮ ಬಾಗಿಲಲ್ಲಿ ನಿಂತು ಕೂಗಿದರೆ ಕೇಳುತ್ತಿತ್ತು,
ಅವಳ ಕಿವಿ ಸರಿಯಿದ್ದಾಗ."
ಕೂಗಳತೆ!
ಗೇಣು, ಮೊಳ, ಮಾರು ಎಂದು
ಮೈಯನ್ನೇ ಅಳತೆಗೋಲು ಮಾಡಿಕೊಂಡ ಭಾಷೆಯವಳು ನಾನು,
ಮೈಯನ್ನು ಅಳೆಯಲು
ಇನ್ನೇನನ್ನೋ ಹಿಡಿದು ನಿಂತಿದ್ದೇನೆ.
ನೂರಿಪ್ಪತ್ತು ಅಂತ ಬರೆದೆ.

ಹನ್ನೆರಡನೆಯ ವಾರ. ಊರುಗೋಲಿಲ್ಲ.
ಕಳೆದ ಸಲದ ದೂರ ಇನ್ನೂರ ತೊಂಬತ್ತಾರು.
ನಾಲ್ಕನೆಯ ಸುತ್ತಿಗೆ ಹೆಜ್ಜೆ ಹದಕ್ಕೆ ಬಂತು,
ಎಡಹೆಗಲು ತುಸು ವಾಲಿತು
ಇಲ್ಲದ ಚೀಲದ ಭಾರಕ್ಕೆ.
ನಾಲ್ಕು ನಿಮಿಷ ಹತ್ತು ಸೆಕೆಂಡು.
ಎಕ್ಸ್‌ರೇ ಕೋಣೆಯಿಂದ ಬಂದ ಗಾಲಿಕುರ್ಚಿಯ ಮುದುಕನ ಮಡಿಲಿಂದ
ಒಂದು ಲಕೋಟೆ ಜಾರಿತು.
ಬೆರಿಲ್ ನಿಂತಳು.
ಬಿಡಿ, ನಾನು ಎತ್ತಿಕೊಡುತ್ತೇನೆ, ಅನ್ನುವುದರೊಳಗೆ
ಗೋಡೆಯ ಕಂಬಿ ಹಿಡಿದು, ಎಡಗಾಲು ಮುಂದಿಟ್ಟು,
ಬಲ ಮಂಡಿಯನ್ನು, ಆ ಹೊಸದನ್ನೇ,
ತಣ್ಣೀರಿಗಿಳಿಸುವ ಹಾಗೆ
ಅಷ್ಟಷ್ಟೇ ನೆಲಕ್ಕಿಳಿಸಿದಳು.
ಲಕೋಟೆ ಎತ್ತಿ, ಮಗುಚಿ, ವಿಳಾಸ ಓದಿದಳು. ರೂಢಿ.
ಕೊಟ್ಟಳು.
ಆಮೇಲೆ ಏಳುವುದು.
ಒಂದು ಸಲ ಆಗಲಿಲ್ಲ.
ಎರಡನೆಯದಕ್ಕೆ ನಾನು ಓಡಿದೆ, ಅಂಗೈ ತೋರಿಸಿ ತಡೆದಳು.
ಮೂರನೆಯದಕ್ಕೆ ಎದ್ದಳು, ಹಣೆಯ ತುಂಬ ಬೆವರು,
ಮುದುಕನಿಗೆ ತಲೆಬಾಗಿ
ಶಂಕುವಿನತ್ತ ನಡೆದಳು.

ಇನ್ನೂರ ಅರವತ್ತೊಂದು.
ಪರದೆಯ ಮೇಲೆ ಕೆಂಪು ಬಾಣ, ಕೆಳಮುಖ.
ಕಾರಣ ಬರೆಯದೆ ಮುಂದೆ ಹೋಗಲು ಬಿಡುವುದಿಲ್ಲ ಅದು.
ಏನಂತ ಬರೆಯಲಿ ಎಂದು ಅವಳನ್ನೇ ಕೇಳಿದೆ.
"ತಡವಾಯಿತು ಅಂತ ಬರೆ.
ಬಟವಾಡೆ ಆಯಿತು ಅಂತಲೂ ಬರೆ."

ಕೋಟು ತೊಟ್ಟು ಹೋದಳು.
ಕಿಟಕಿಯಾಚೆ ಬಸ್ಸು ಬಂದು ನಿಂತಿತ್ತು.
ಅದರ ಮೊದಲ ಮೆಟ್ಟಿಲು ಎಷ್ಟೆತ್ತರವೋ,
ನಾನು ಯಾವತ್ತೂ ಅಳೆದಿಲ್ಲ.