ಹದಿನೇಳನೆಯ ಮನೆ

ಮೊದಲ ಪ್ರಶ್ನೆಗೇ ಅರ್ಧ ಊರು ಹೊರಗೆ:
ನೀವು ಈ ದೇಶದ ಪ್ರಜೆಯೇ?
ಅಲ್ಲವೆಂದರೆ ಶುಕ್ರನ್ ಹೇಳಿ ಟ್ಯಾಬ್ಲೆಟ್ ಮುಚ್ಚಬೇಕು.
ಹೀಗೆ ದಿನಕ್ಕೆ ಹತ್ತಾರು ಸಲ
ನನ್ನಂಥವರಿಗೆ ನಾನೇ ಬಾಗಿಲು ಹಾಕುತ್ತೇನೆ.

ಜಹ್ರಾ, ಮೂರನೆಯ ಬ್ಲಾಕು, ಉಮ್ ಮಿಶಾರಿಯ ಪಡಸಾಲೆ.
ಬಾಯಿಪಾಠದ ಅರಬಿಯಲ್ಲಿ ಒಪ್ಪಿಸಿದೆ:
ಸೇನೆಗೆ, ಕ್ಷಿಪಣಿ ತಡೆಯುವ ಕ್ಷಿಪಣಿಗೆ
ತಿಂಗಳಿಗೆ ಹತ್ತು ದಿನಾರು ಕೈಯಿಂದ ಕೊಡುವಿರಾ?
ಆಗದಿದ್ದರೆ ಐದು? ಆದೀತೆಂದರೆ ಇಪ್ಪತ್ತು?

ಗಂಗೊಳ್ಳಿ ಬಂದರಿನಲ್ಲಿ ಅಮ್ಮ
ಬಂಗುಡೆಯ ಕಿವಿರೆತ್ತಿ ನೋಡಿ ಮಾಡುವ ಚೌಕಾಸಿ ಇದೇ.
ಇಲ್ಲಿ ಬುಟ್ಟಿಯಲ್ಲಿ ಮೀನಿಲ್ಲ, ಅಷ್ಟೆ.
ಏನೂ ಆಗದ ಒಂದು ರಾತ್ರಿ ಇದೆ,
ಅದಕ್ಕೆ ಎಷ್ಟು ಎಂದು ಕೇಳಬೇಕು
ತೆರಿಗೆಯ ಮುಖವನ್ನೇ ಕಾಣದ ಊರಿನಲ್ಲಿ.

ಹೆಚ್ಚಿನವರು ನಗುತ್ತಾರೆ. ನಿನ್ನೆ ಒಬ್ಬ ಇಂಜಿನಿಯರು
ಸೊನ್ನೆ ಎಂದ. ಎಣ್ಣೆ ಇದೆಯಲ್ಲ, ಅದನ್ನು ಕೇಳು ಎಂದ.
ಅದಕ್ಕೂ ಒಂದು ಸಂಕೇತ ಉಂಟು: ಸಿಟ್ಟಿನ ಸೊನ್ನೆ,
ಬೇಡದ ಸೊನ್ನೆಗಿಂತ ಬೇರೆ.

ಉಮ್ ಮಿಶಾರಿ ನಗಲಿಲ್ಲ.
ಆಗಲೇ ಕೊಟ್ಟಾಗಿದೆ, ಎಂದಳು.
ತೊಂಬತ್ತನೇ ಇಸವಿ, ಸೆಪ್ಟೆಂಬರು, ಚೆಕ್‌ಪೋಸ್ಟು.
ಗಂಡನ ಕೈಗಡಿಯಾರ, ಎರಡು ಮೂಟೆ ಬಾಸ್ಮತಿ,
ಹೊಸ ಟೈರು ನಾಲ್ಕು.
ಹಿರಿಯವನನ್ನು ವಾಪಸು ಕೊಟ್ಟರು.
ಕಿರಿಯವನಿಗೆ ಏನು ಬೇಕೆಂದು
ಯಾರೂ ಹೇಳಲೇ ಇಲ್ಲ.
ಬರೆದುಕೋ.

ಅಂಕಿ ಮಾತ್ರ ಹಿಡಿಯುವ ಚೌಕ ಅದು.
ಟೈರಿಗೆ ಆಗ ಎಷ್ಟಿತ್ತು, ಎಂದು ಕೇಳಿಬಿಟ್ಟೆ.
ಕೇಳಿ ನಾಲಿಗೆ ಕಚ್ಚಿಕೊಂಡೆ.

ಚಹಾ ತಂದ ಸೋಮಲತಾ ಬಾಗಿಲಲ್ಲೇ ನಿಂತಳು.
ಅಕ್ಕಾ, ಎಂದಳು (ಸಿಂಹಳದಲ್ಲೂ ಅಕ್ಕ ಅಕ್ಕನೇ),
ನಾನೂ ಹೇಳಬಹುದಾ? ನನ್ನದು ಎರಡು ದಿನಾರು.
ಪಟ್ಟಿಯಲ್ಲಿ ನೀನಿಲ್ಲ, ನಾನೂ ಇಲ್ಲ,
ಎನ್ನುವಷ್ಟರಲ್ಲಿ

ಹತ್ತು ಗಂಟೆಯ ಸೈರನ್ನು.
ಬರಿಯ ಪರೀಕ್ಷೆ, ತಿಂಗಳಿಗೊಮ್ಮೆ ಇದ್ದದ್ದೇ.
ಗೋಡೆಯಾಚೆ ಕಾರು ತೊಳೆಯುವವನ ಪೈಪು
ಸುಮ್ಮನೆ ಸುರಿಯುತ್ತಲೇ ಇತ್ತು.
ಉಮ್ ಮಿಶಾರಿ ಗೇಟಿನ ಕಡೆ ನೋಡಿದಳು,
ಯಾರೋ ಬರುವ ಹೊತ್ತಾಯಿತೆಂಬಂತೆ.
ಸೋಮಲತಾ ಟ್ರೇ ನೆಲಕ್ಕಿಟ್ಟು ಓಡಿ
ಮೊಮ್ಮಗುವಿನ ಎರಡೂ ಕಿವಿ ಮುಚ್ಚಿ ಕೂತಳು.
ಅವಳ ಕಿವಿಗೆ ಕೈ ಉಳಿದಿರಲಿಲ್ಲ.

ಸಂಜೆ ಆಫೀಸಿನಲ್ಲಿ ಘಸ್ಸಾನ್
ಹದಿನೇಳನೆಯ ಮನೆಗೆ ೯೯ ಹಾಕಿದ: ಉತ್ತರವಿಲ್ಲ.
ಸರಾಸರಿಯಿಂದ ತೆಗೆದ.
ನಾನು ಸಹಿ ಮಾಡಿ
ಆ ದಿನದ ಕೂಲಿ ಎಂಟು ದಿನಾರು
ಎಣಿಸಿಕೊಂಡೆ, ಎರಡು ಸಲ.