ಕೊಸರು

ಒಂದು ಫಾರಮ್ಮಿಗೆ ನಲವತ್ತು ರೂಪಾಯಿ,
ಪೂರ್ತಿ ತುಂಬಿದರೆ ಮಾತ್ರ.

ಮೂರನೇ ಮಹಡಿ. ಹೆಂಗಸರ ವಾರ್ಡಿನ ಹೊರಗೆ
ಸಿಮೆಂಟು ಬೆಂಚಿನ ಮೇಲೆ ಮುನಿಗಂಗಮ್ಮ,
ಕೆ.ಆರ್. ಮಾರ್ಕೆಟ್ಟಿನ ಹೂವಿನವಳು.
ಒಳಗೆ ತಂಗಿ, ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಮೂರು ದಿನ.
ಕಿಟಕಿಯಾಚೆ ಕಲಾಸಿಪಾಳ್ಯದ ಹಾರನ್ನುಗಳು
ರೋಗಿಗಳಿಗಿಂತ ಜೋರಾಗಿ ನರಳುತ್ತಿದ್ದವು.

ಓದಿದೆ: ಕಟ್ಟಡ ಮತ್ತು ಸ್ವಚ್ಛತೆ,
ಹೇಳಿದಂತೆ ನಡೆಯುವುದು, ಕರೆದರೆ ಬರುವುದು,
ಕೆಲಸ ಬಲ್ಲರೆಂಬ ಭರವಸೆ, ಸಹಾನುಭೂತಿ.
ನೂರು ಅಂಕ ಇದೆ ಅಂದ್ಕೊಳ್ಳಿ ಅಮ್ಮಾ,
ಯಾವುದು ಮುಖ್ಯವೋ ಅದಕ್ಕೆ ಜಾಸ್ತಿ.

"ಅಂಕ ನಂಗೆ ಬರಲ್ಲ ಕಣವ್ವ. ನೂರು ಮೊಳ ಹೂವು ಅಂತಿಟ್ಕೊ."
ಮೊಣಕೈ ಮಡಚಿ, ಬೆರಳು ಚಾಚಿ,
ಗಾಳಿಯಲ್ಲಿ ಒಂದು ಮೊಳ ಅಳೆದು ಕೇಳಿದಳು:
"ಯಾರ ಮೊಳ? ನಂದೋ, ನಿಂದೋ, ಡಾಕ್ಟ್ರುದೋ?"

ಆ ಪ್ರಶ್ನೆಗೆ ಫಾರಮ್ಮಿನಲ್ಲಿ ಜಾಗವಿಲ್ಲ.
ನಿಮ್ಮದೇ, ಎಂದೆ.

"ಗೋಡೆಗೆ ಹತ್ತು ಸಾಕು, ಗೋಡೆ ಹೂವು ಮುಡಿಯಲ್ಲ.
ಕಕ್ಕಸಿಗೆ ಇನ್ನೊಂದು ಹತ್ತು. ನಡುರಾತ್ರೀಲಿ
ಹೊಟ್ಟೆಯಿಂದ ನೇತಾಡೋ ಕೊಳವೆ ಹಿಡ್ಕೊಂಡು
ಅಲ್ಲಿಗೆ ಹೋಗಿ ಬಾ, ತಿಳಿಯುತ್ತೆ.
ಕತ್ತಿ ಹಿಡಿಯೋ ಕೈಗೆ ಮೂವತ್ತು. ಮುಖ ನೋಡದಿದ್ರೂ ಸೈ,
ಕೈ ನಡುಗಬಾರದು.
ನಾಳೆ ಅಂದೋರು ನಾಳೆ ಮಾಡ್ಲಿ: ಇಪ್ಪತ್ತೈದು.
ಎರಡು ಸಲ ಬೆಳಗ್ಗಿಂದ ನೀರೂ ಕೊಡದೆ ಕೂರಿಸಿ
ಸಂಜೆಗೆ 'ಇವತ್ತಿಲ್ಲ' ಅಂದ್ರು.
ಕರೆದ್ರೆ ಬರೋದಕ್ಕೆ ಹದಿನೈದು.
ಬೆಲ್ಲು ಕೆಟ್ಟದೆ, ಚಪ್ಪಾಳೆ ತಟ್ತೀವಿ.
ಅದೇನೋ ಕೊನೇದು?"

ಸಹಾನುಭೂತಿ. ನಿಮ್ಮ ಕಷ್ಟ ತಮ್ಮದು ಅನ್ಕೊಳ್ಳೋದು.

"ನಮ್ದು ನಮಗೇ ಇರ್ಲಿ ಬಿಡು, ಅವರಿಗ್ಯಾಕೆ.
ಉಳಿದ ಹತ್ತು ಅದಕ್ಕೇ ಹಾಕು."

ಸರಿಯಾಗಿ ನೂರು. ಬೆರಳು ಒತ್ತಬೇಕು,
ಮಣಿಕಟ್ಟು ಹಿಡಿದಳು. ಬೆರಳಲ್ಲಿ ಬಾಳೆನಾರಿನ ಗೀರು.

"ತಡಿ. ಕೊಸರು.
ಟ್ರಾಲಿ ತಳ್ಳೋ ಚೌರಪ್ಪ ಇದಾನಲ್ಲ,
ಸ್ಕ್ಯಾನಿಂಗಿಗೆ ಕರ್ಕೊಂಡು ಹೋದ, ಹೊಲಿಗೆ ಇನ್ನೂ ಹಸಿ.
ದಾರಿಯುದ್ದಕ್ಕೂ, ಕಲ್ಲು ಕಿತ್ತ ಜಾಗ ಬರೋ ಮೊದ್ಲೇ
'ಬಂತಮ್ಮಾ' ಅನ್ನೋನು.
ಅವಳು ಹಲ್ಲು ಕಚ್ಕೊಳ್ಳೋಳು. ಆಮೇಲೆ ಮೆಲ್ಲಗೆ ದಾಟಿಸೋನು.
ಅವನಿಗೆ ನಾಕು. ನೂರರಲ್ಲಲ್ಲ. ಮೇಲೆ."

ಟ್ಯಾಬು ಕೆಂಪಾಯಿತು:
ಮೊತ್ತ ನೂರನ್ನು ಮೀರಿದೆ. ಸರಿಪಡಿಸಿ.

ಯಾವುದರಲ್ಲಿ ನಾಕು ಕಡಿಮೆ ಮಾಡಲಿ ಅಮ್ಮಾ?

"ಥೂ, ಅಳತೆಯಿಂದ ಕಿತ್ತು ಕೊಸರು ಹಾಕ್ತಾರೇನೆ?
ನೀನು ಯಾವತ್ತೂ ಹೂವು ಕೊಂಡಿಲ್ವ?"

ಒಳಗಿನಿಂದ ಚಪ್ಪಾಳೆ ಕೇಳಿಸಿತು, ಎರಡು ಸಲ.
ಸೆರಗು ಬಿಗಿದು ಎದ್ದು ಹೋದಳು.

ಭರವಸೆಯ ಮೂವತ್ತನ್ನು ಇಪ್ಪತ್ತಾರು ಮಾಡಿದೆ.
ಮತ್ತೆ ಮೂವತ್ತೇ ಮಾಡಿದೆ.
ನಲವತ್ತು ರೂಪಾಯಿ ಕೆಂಪಗೆ ಉಳಿಯಿತು.

ಸ್ಕ್ಯಾನಿಂಗ್ ಕೋಣೆಯ ಕಡೆಯಿಂದ ಕೆಳಗಿಳಿದೆ,
ಅದು ನನ್ನ ದಾರಿಯಲ್ಲ.
ಕಲ್ಲು ಕಿತ್ತ ಜಾಗ ಎಣಿಸಿದೆ:
ಹನ್ನೊಂದು.